ಮುಂಚೂಣಿಗೊಬ್ಬ ಹೊಸಬ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ರಾಯಚೂರು. ಹಿಂದಿನವರು ಈ ಸೀಮೆಯನ್ನು ಎಡೆದೊರೆ ನಾಡು ಎಂದು ಕರೆದರು; ಎರಡು ಹೊಳೆಗಳ ನಡುವಿನ ನೆಲ ಎಂದು ಅದರ ಅರ್ಥ. ದೇವದುರ್ಗದ ಕಡೆಯ ಊರುಗಳು ಕೃಷ್ಣೆಯ ಮಗ್ಗುಲಿಗಿದ್ದರೆ ಮಾನ್ವಿಯ ಕಡೆಯವು ತುಂಗಭದ್ರೆಯ ಮಗ್ಗುಲಿಗಿವೆ. ಈ ನಡುವಣ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ, ಬಿಜಾಪುರಗಳ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದುದು ಆ ಕಥೆಯ ಹೆಸರಾಂತ ಅಧ್ಯಾಯ.

ಫುಟ್‌ಬಾಲ್ ಮೈದಾನವೂ ಒಂದು ಬಗೆಯ ಎಡೆದೊರೆ ನಾಡೇ. ಎರಡು ಪಕ್ಕದ ಸುಣ್ಣದ ಗೆರೆಗಳೇ ಅದರ ಹೊಳೆಗಳು. ಕಾದಾಟವೆಲ್ಲ ನಡುವಿನ ನೆಲಕ್ಕಾಗಿಯೇ ನಡೆಯುವಂತೆ ಕಾಣುತ್ತದೆ. ಆದರೆ ಎಷ್ಟೋ ಸಲ ಪಂದ್ಯದ ಗತಿ ತೀರ್ಮಾನವಾಗುವುದು ನಡುವಿನಲ್ಲಿ ಅಲ್ಲ, ಹೊಳೆಯ ದಡದಲ್ಲಿ ಒಬ್ಬನೇ ನಿಂತು ಚೆಂಡಿಗಾಗಿ ಕಾಯುವವನ ಕಾಲಿನಲ್ಲಿ.

ಒಂದು ಪಂದ್ಯವನ್ನು ಊಹಿಸಿಕೊಳ್ಳಿ. ರಾಯಚೂರಿನ ಮೈದಾನವೊಂದರಲ್ಲಿ ದೇವದುರ್ಗದ ಹುಡುಗರೂ ಮಾನ್ವಿಯ ಹುಡುಗರೂ ಎದುರುಬದುರಾಗಿದ್ದಾರೆ. ದೇವದುರ್ಗದವರು ಬಲಶಾಲಿಗಳು, ಛಲವಂತರು. ಆದರೆ ಚೆಂಡು ಸಿಕ್ಕೊಡನೆ ನೇರವಾಗಿ ನಡುವಿನಲ್ಲಿ ನುಗ್ಗುವುದೊಂದೇ ಅವರಿಗೆ ಗೊತ್ತಿರುವ ಮಾರ್ಗ. ಹತ್ತು ನಿಮಿಷಗಳಲ್ಲಿ ಮಾನ್ವಿಯ ರಕ್ಷಕರಿಗೆ ಇದು ಅರಿವಾಗುತ್ತದೆ. ಅವರೆಲ್ಲ ಗೋಲಿನ ಮುಂದೆ ಒತ್ತಾಗಿ ಗೋಡೆ ಕಟ್ಟುತ್ತಾರೆ. ಬಂಡೆಗೆ ಬಡಿದ ಅಲೆಯಂತೆ ದೇವದುರ್ಗದ ದಾಳಿ ಹಿಂದಿರುಗುತ್ತದೆ.

ಇಂಥ ತಂಡಕ್ಕೆ ಕಾಲಿನಲ್ಲಿ ಚುರುಕುಳ್ಳ ಹೊಸಬನೊಬ್ಬ ಬಂದು ಬಲಬದಿಯ ಗೆರೆಗೆ ಅಂಟಿ ನಿಂತನೆನ್ನೋಣ. ಅವನಿಂದ ತಂಡಕ್ಕಾಗುವ ಲಾಭವೇನು? ಗೋಲುಗಳು ಹೆಚ್ಚುತ್ತವೆ ಎಂದು ನೋಡುವವರು ಥಟ್ಟನೆ ಉತ್ತರಿಸುತ್ತಾರೆ. ಉತ್ತರ ಸುಳ್ಳಲ್ಲ, ಆದರೆ ಅದು ಅರ್ಧ ಮಾತ್ರ.

ಗೋಲು ಹೊಡೆಯದೆ ಗೆಲ್ಲಿಸುವ ಬಗೆ

ಹೊಸಬ ಮೊದಲ ಸಲ ದಡದಲ್ಲಿ ಓಡಿ ಚೆಂಡನ್ನು ಹಿಡಿದಾಗ ಮಾನ್ವಿಯ ರಕ್ಷಕನೊಬ್ಬ ಅವನ ಬೆನ್ನಟ್ಟಬೇಕಾಗುತ್ತದೆ. ಒಬ್ಬನಿಂದ ತಡೆಯಲಾಗದಿದ್ದರೆ ಇನ್ನೊಬ್ಬನೂ ಅತ್ತ ಸರಿಯಬೇಕು. ನಡುವಿನ ಗೋಡೆಯಿಂದ ಹೀಗೆ ಎರಡು ಕಲ್ಲುಗಳು ಸಡಿಲವಾದವು. ಇಷ್ಟು ಹೊತ್ತು ಉಸಿರಾಡಲೂ ಎಡೆಯಿಲ್ಲದಿದ್ದ ಸೆಂಟರ್ ಫಾರ್ವರ್ಡನ ಮುಂದೆ ಈಗ ನಾಲ್ಕು ಹೆಜ್ಜೆಯ ಬಯಲು. ಗೋಲು ಹೊಡೆಯುವವನು ಅವನೇ, ಮರುದಿನ ಊರಿನವರ ಬಾಯಲ್ಲಿ ಬರುವ ಹೆಸರೂ ಅವನದೇ. ಆದರೆ ಆ ಬಯಲನ್ನು ಬಿಡಿಸಿಕೊಟ್ಟವನು ಚೆಂಡನ್ನು ಮುಟ್ಟದೆಯೂ ಇದ್ದಿರಬಹುದು.

ಇದಕ್ಕೊಂದು ಕಟ್ಟಳೆಯೂ ಉಂಟು. ಹೊಸಬ ಎಷ್ಟೇ ವೇಗಿಯಾಗಿರಲಿ, ಚೆಂಡು ಕೊಡುವವನು ಅವನ ಓಟವನ್ನು ಅರಿತಿರದಿದ್ದರೆ ಆ ವೇಗ ವ್ಯರ್ಥ. ಚೆಂಡು ಒಂದು ಗಳಿಗೆ ಮೊದಲು ಬಂದರೆ ಎದುರಾಳಿಯ ಪಾಲು. ತಡವಾಗಿ ಬಂದರೆ, ಓಡಿದವನು ಅಷ್ಟರಲ್ಲಿ ರಕ್ಷಕರನ್ನು ದಾಟಿಹೋಗಿ ಆಫ್‌ಸೈಡ್ ಆಗಿರುತ್ತಾನೆ. ಆದ್ದರಿಂದ ಒಬ್ಬ ಹೊಸಬ ಬಂದನೆಂದರೆ ಉಳಿದ ಹತ್ತು ಮಂದಿಯೂ ತಮ್ಮ ಆಟವನ್ನು ಕೊಂಚ ಮರೆತು ಮತ್ತೆ ಕಲಿಯಬೇಕಾಗುತ್ತದೆ.

ಅಮೆರಿಕದ ಒಂದು ಪಂದ್ಯ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಿಂದ ಎಸೆಯುತ್ತಾರೆ, ಕೈಯಿಂದಲೇ ಹಿಡಿಯುತ್ತಾರೆ. ಪಂಕ್ತಿಯ ಹೊರತುದಿಯಲ್ಲಿ ನಿಂತು, ಮುಂದಕ್ಕೆ ಓಡಿ, ದೂರದಿಂದ ಬರುವ ಎಸೆತವನ್ನು ಹಿಡಿಯುವವನನ್ನು ಇಂದು ವೈಡ್ ರಿಸೀವರ್ ಎನ್ನುತ್ತಾರೆ. ನಮ್ಮ ದಡದ ಹುಡುಗನ ದೂರದ ನೆಂಟ ಅವನು.

1935ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಎಂಬ ತಂಡಕ್ಕೆ ಡಾನ್ ಹಟ್ಸನ್ ಎಂಬ ಸಪೂರ ದೇಹದ ತರುಣ ಸೇರಿದ. ಗ್ರೀನ್ ಬೇ ದೊಡ್ಡ ನಗರವಲ್ಲ. ಎದುರಾಳಿಗಳಾದರೋ ಷಿಕಾಗೊ ಮಹಾನಗರದ ಬೇರ್ಸ್ ತಂಡದವರು. ಪ್ಯಾಕರ್ಸ್ ತಂಡದ ಜಾನಿ ಬ್ಲಡ್ ಆ ವೇಳೆಗಾಗಲೇ ಹೆಸರಾಂತ ಆಟಗಾರ. ಷಿಕಾಗೊದವರ ಕಣ್ಣೆಲ್ಲ ಅವನ ಮೇಲೆ. ಆಟದ ಮೊದಲ ಸರದಿಯಲ್ಲೇ ಆರ್ನಿ ಹರ್ಬರ್ ಚೆಂಡನ್ನು ಎಸೆದದ್ದು ಮತ್ತೊಂದು ಬದಿಯಲ್ಲಿ ಓಡುತ್ತಿದ್ದ ಹೊಸಬನ ಕಡೆಗೆ. ಹಟ್ಸನ್ ಅದನ್ನು ಹಿಡಿದು ಗೆರೆಯನ್ನು ಮುಟ್ಟಿಯೇಬಿಟ್ಟ. ಒಟ್ಟು 83 ಗಜಗಳ ಆಟವದು. ಪಂದ್ಯ ಮುಗಿದಾಗ 7–0. ಆ ಒಂದು ಓಟವೇ ಗೆಲುವಾಯಿತು.

ಅಂದು ಬ್ಲಡ್ ಎದುರಾಳಿಗಳ ಕಣ್ಣು ಸೆಳೆದುದರಿಂದ ಹಟ್ಸನ್‌ಗೆ ದಾರಿಯಾಯಿತು. ಮುಂದಿನ ವರ್ಷಗಳಲ್ಲಿ ಹಟ್ಸನ್ನನನ್ನು ಕಾಯಲು ಇಬ್ಬಿಬ್ಬರು ನಿಲ್ಲತೊಡಗಿದಾಗ ಅದೇ ಉಪಕಾರ ಅವನಿಂದ ಉಳಿದವರಿಗೆ ಸಂದಿತು. ಎಷ್ಟು ಹೆಜ್ಜೆ ಓಡಿ ಯಾವ ಕಡೆಗೆ ತಿರುಗಬೇಕೆಂಬುದನ್ನು ಚೆಂಡು ಎಸೆಯುವವನೊಡನೆ ಮೊದಲೇ ಗೊತ್ತುಮಾಡಿಕೊಳ್ಳುವ ಕ್ರಮವನ್ನು ಅವನು ಒಂದು ವಿದ್ಯೆಯಾಗಿ ಬೆಳೆಸಿದ. 1936, 1939, 1944ರಲ್ಲಿ ಪ್ಯಾಕರ್ಸ್ ರಾಷ್ಟ್ರೀಯ ಲೀಗಿನ ಚಾಂಪಿಯನ್ನರಾದರು. ಹಿಡಿದ ಎಸೆತಗಳಿಂದ ಹಟ್ಸನ್ ಗಳಿಸಿದ 99 ಟಚ್‌ಡೌನ್‌ಗಳ ದಾಖಲೆ 1989ರವರೆಗೆ ಅಳಿಯದೆ ಉಳಿಯಿತು.

ಬೆಂಗಳೂರಿನ ಹಾವಾಡಿಗ

ಉದಾಹರಣೆಗಾಗಿ ಸಮುದ್ರ ದಾಟಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ 1926ರಲ್ಲಿ ಹುಟ್ಟಿದ ಅಹಮದ್ ಖಾನರ ಕಥೆ ನಮ್ಮ ನಾಡಿನದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಮಂದಿ ಬರಿಗಾಲಿನಲ್ಲೇ ಆಡಿದ ಭಾರತ ತಂಡದಲ್ಲಿ ಅವರಿದ್ದರು. ಫ್ರಾನ್ಸಿನೆದುರು ಭಾರತ 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಗೋಲು ಹೊಡೆದ ಎಸ್. ರಾಮನ್ ಕೂಡ ಬೆಂಗಳೂರಿನವರೇ.

ಮರುವರ್ಷ ಅಹಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಎಂಬ ನಾಲ್ವರು ಮುಂಚೂಣಿ ಆಟಗಾರರಿದ್ದರು. ಐದನೆಯವರಾಗಿ ಅಹಮದ್ ಬಂದರು. ಕಲ್ಕತ್ತೆಯ ಜನ ಈ ಐವರನ್ನು ಪಂಚಪಾಂಡವರೆಂದು ಕರೆದರು. 1949ರ ಒಂದೇ ವರ್ಷದಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತೆಯ ಲೀಗನ್ನೂ ಐ.ಎಫ್.ಎ. ಷೀಲ್ಡನ್ನೂ ಮುಂಬಯಿಯ ರೋವರ್ಸ್ ಕಪ್ಪನ್ನೂ ಗೆದ್ದಿತು. ಷೀಲ್ಡ್ 1950, 1951ರಲ್ಲಿಯೂ ಅವರ ಕೈಬಿಡಲಿಲ್ಲ.

ಅಹಮದ್ ಖಾನರಿಗೆ ಹಾವಾಡಿಗ ಎಂಬ ಬಿರುದು ಬಂದಿತ್ತು. ಚೆಂಡು ಅವರ ಕಾಲಿಗೆ ಬಂದರೆ ಪುಂಗಿಯ ನಾದಕ್ಕೆ ತಲೆದೂಗುವ ಹಾವಿನಂತೆ ಅವರು ಹೇಳಿದತ್ತ ಹೊರಳುತ್ತಿತ್ತು. ಅವರು ನಿಲ್ಲುತ್ತಿದ್ದುದು ಅಂಚಿನಲ್ಲಲ್ಲ, ಅದರ ಒಳಮಗ್ಗುಲಲ್ಲಿ, ಇನ್‌ಸೈಡ್ ಲೆಫ್ಟ್ ಸ್ಥಾನದಲ್ಲಿ. ಹಟ್ಸನ್ನನದು ವೇಗವಾದರೆ ಅಹಮದರದು ಮೋಡಿ. ಆದರೆ ಎರಡರ ಫಲವೂ ಒಂದೇ. ಎದುರಾಳಿಗಳನ್ನು ತನ್ನತ್ತ ಸೆಳೆದು ಉಳಿದವರಿಗೆ ದಾರಿ ಬಿಡಿಸುವವನು ತಂಡಕ್ಕೆ ಬಂದಾಗ, ಹಿಂದೆ ಚೆನ್ನಾಗಿ ಆಡುತ್ತಿದ್ದವರು ಇನ್ನೂ ಚೆನ್ನಾಗಿ ಆಡತೊಡಗುತ್ತಾರೆ.

ಹಾಗೆಂದು ಒಬ್ಬನಿಂದಲೇ ಎಲ್ಲವೂ ಆಗುತ್ತದೆಂಬ ಭ್ರಮೆ ಬೇಡ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10–1ರಿಂದ ಬಗ್ಗುಬಡಿಯಿತು. ಭಾರತದ ಆ ಒಂದು ಗೋಲು ಹೊಡೆದವರು ಇದೇ ಅಹಮದ್ ಖಾನ್. ಹಿಂಬದಿಯ ಕೋಟೆ ಬಿದ್ದಾಗ ಮುಂಬದಿಯ ವೀರ ಏನು ತಾನೆ ಮಾಡಿಯಾನು?

ರಹೀಂ ಸಾಹೇಬರ ಔಷಧ

1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ದೇವದುರ್ಗ, ಮಾನ್ವಿಗಳಿಗೂ ಆಗ ಹೈದರಾಬಾದೇ ರಾಜಧಾನಿ. ಆ ರಾಜಧಾನಿಯ ಪೋಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ಸಲ ರೋವರ್ಸ್ ಕಪ್ಪನ್ನು ಗೆದ್ದಿತು. ಅದರ ಗುರು ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಉಪಾಧ್ಯಾಯರಾಗಿದ್ದವರು.

ಚೆಂಡನ್ನು ಹಿಡಿದುಕೊಂಡು ಮೆರೆಯುವ ಚಟವನ್ನು ಬಿಡಿಸಲು ರಹೀಂ ಸಾಹೇಬರು ವಿಚಿತ್ರ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಒಂದರಲ್ಲಿ ಚೆಂಡನ್ನು ಕಾಲಿನಲ್ಲಿ ಆಡಿಸುತ್ತ ಓಡುವಂತಿಲ್ಲ, ಬಂದೊಡನೆ ಇನ್ನೊಬ್ಬನಿಗೆ ದಾಟಿಸಬೇಕು. ಇನ್ನೊಂದರಲ್ಲಿ ರೂಢಿಯಿಲ್ಲದ ಕಾಲಿನಿಂದಲೇ ಒದೆಯಬೇಕು. ಚೆಂಡು ಪಡೆಯುವವನನ್ನು ತಯಾರಿಸುವ ಮೊದಲು ಕೊಡುವವನನ್ನು ತಯಾರಿಸಬೇಕೆಂಬ ತತ್ತ್ವ ಈ ಆಟಗಳಲ್ಲಿ ಅಡಗಿತ್ತು. ಅದಕ್ಕೆ ಕಾಸೂ ಖರ್ಚಾಗಲಿಲ್ಲ.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಮರ ಭಾರತ ತಂಡ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ 0–2ರಿಂದ ಸೋತಿತು. ಥಾಯ್ಲೆಂಡಿನೆದುರು ಗೆದ್ದರೂ ತಂಡದ ಹೆಬ್ಬಂಡೆಯಂತಿದ್ದ ರಕ್ಷಕ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ರಹೀಮರ ದೇಹವನ್ನಾದರೋ ಕ್ಯಾನ್ಸರ್ ಒಳಗಿಂದೊಳಗೆ ಕೊರೆಯುತ್ತಿತ್ತು.

ಸೆಮಿಫೈನಲ್ ಹತ್ತಿರ ಬಂದಿತು. ಹೊಸ ಆಟಗಾರನನ್ನು ತಾಯ್ನಾಡಿನಿಂದ ಕರೆಸುವ ಮಾತಿಲ್ಲ. ಇದ್ದವರಲ್ಲೇ ಹೊಸಬನನ್ನು ಹುಡುಕಬೇಕು. ರಹೀಂ ಸಾಹೇಬರು ಮಾಡಿದ ತೀರ್ಮಾನ ಕೇಳಿದವರನ್ನು ಬೆರಗುಗೊಳಿಸುವಂಥದು: ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲ್ ಸಿಂಗರನ್ನು ಹಿಂಬದಿಯ ಕಾವಲಿನಿಂದ ಬಿಡಿಸಿ ಸೆಂಟರ್ ಫಾರ್ವರ್ಡ್ ಆಗಿ ಮುಂದೆ ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಮಿನೆದುರು ಭಾರತ 3–2ರಿಂದ ಗೆದ್ದಾಗ ಅವುಗಳಲ್ಲೊಂದು ಗೋಲು ಜರ್ನೈಲರದಾಗಿತ್ತು.

ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯ. ಇಸ್ರೇಲ್, ತೈವಾನ್‌ಗಳನ್ನು ಕೂಟಕ್ಕೆ ಬರಗೊಡದಿದ್ದುದನ್ನು ಭಾರತದ ಕ್ರೀಡಾಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಕಿಕ್ಕಿರಿದಿದ್ದ ಪ್ರೇಕ್ಷಕರು ಭಾರತದ ಮೇಲೆ ಕೆರಳಿದ್ದರು. ಆ ಗದ್ದಲದ ನಡುವೆ ಆಟದ ಮೊದಲ 20 ನಿಮಿಷಗಳಲ್ಲಿ ಭಾರತ ಎರಡು ಗೋಲು ಹೊಡೆಯಿತು. ಮೊದಲನೆಯದು ಪಿ. ಕೆ. ಬ್ಯಾನರ್ಜಿಯವರದು, ಎರಡನೆಯದು ಜರ್ನೈಲ್ ಸಿಂಗರದು. ಕೊರಿಯ ಕೊನೆಗೆ ಒಂದನ್ನು ಮಾತ್ರ ತೀರಿಸಿತು. 2–1ರಿಂದ ಚಿನ್ನದ ಪದಕ ಭಾರತಕ್ಕೆ ಬಂದಿತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಅಂಥ ಚಿನ್ನ ಮತ್ತೆ ನಮ್ಮ ದೇಶದ ಪಾಲಿಗೆ ಬಂದಿಲ್ಲ. ಒಂಬತ್ತೇ ತಿಂಗಳಲ್ಲಿ, 1963ರ ಜೂನ್ 11ರಂದು, ರಹೀಂ ಸಾಹೇಬರು ತೀರಿಕೊಂಡರು.

ಹೊಸಬ ಎಲ್ಲಿದ್ದಾನೆ?

ಮತ್ತೆ ರಾಯಚೂರಿನ ಆ ಮೈದಾನಕ್ಕೆ ಬರೋಣ. ದೇವದುರ್ಗದ ತಂಡಕ್ಕೆ ಹೊರಗಿನಿಂದ ಆಟಗಾರನನ್ನು ತರಿಸಿಕೊಳ್ಳುವ ಹಣವಿಲ್ಲ. ಮಾನ್ವಿಯ ತಂಡದ್ದೂ ಅದೇ ಪಾಡು. ಅಂಥವರಿಗೆ ಈಸ್ಟ್ ಬೆಂಗಾಲಿನ ಕಥೆಗಿಂತ ಜಕಾರ್ತದ ಕಥೆ ಹತ್ತಿರದ್ದು. ಹೊಸಬ ಎಂದರೆ ಹೊರಗಿನಿಂದ ಬಂದವನೇ ಆಗಬೇಕಿಲ್ಲ. ಎತ್ತರದವನೆಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಹಿಂದೆ ನಿಂತ ಫುಲ್‌ಬ್ಯಾಕ್ ಇರಬಹುದು. ಬದಲಿ ಆಟಗಾರನಾಗಿ ಬದಿಯಲ್ಲಿ ಕುಳಿತೇ ಸಂಜೆ ಕಳೆಯುವ ಸಪೂರ ಹುಡುಗನಿರಬಹುದು. ಅವನನ್ನು ಗುರುತಿಸುವ ಕಣ್ಣು ಗುರುವಿಗೆ ಬೇಕು. ತನಗೆ ರೂಢಿಯಾದ ಜಾಗವನ್ನು ಬಿಟ್ಟುಕೊಡುವ ಮನಸ್ಸು ಉಳಿದವರಿಗೆ ಬೇಕು. ಹತ್ತು ಸಲ ಓಡಿ ಒಂಬತ್ತು ಸಲ ಚೆಂಡು ಸಿಗದಿದ್ದರೂ ಹತ್ತನೆಯ ಸಲ ಅಷ್ಟೇ ವೇಗದಿಂದ ಓಡುವ ಗಟ್ಟಿತನ ಆ ಹೊಸಬನಿಗೆ ಬೇಕು. ಇವು ಮೂರರಲ್ಲಿ ಯಾವುದನ್ನೂ ಪೇಟೆಯಲ್ಲಿ ಕೊಳ್ಳಲಾಗದು.

ಸಂಜೆಯ ಧೂಳು ಏಳುತ್ತಿದೆ. ಬಲಬದಿಯ ದಡದಲ್ಲಿ ಹುಡುಗನೊಬ್ಬ ಕೈಯೆತ್ತಿ ಓಡತೊಡಗಿದ್ದಾನೆ. ಮಾನ್ವಿಯ ಇಬ್ಬರು ರಕ್ಷಕರು ಆಗಲೇ ಅವನತ್ತ ತಿರುಗಿದ್ದಾರೆ. ನಡುವಿನಲ್ಲಿ ಚೆಂಡು ಹಿಡಿದವನು ತಲೆ ತಗ್ಗಿಸಿಕೊಂಡು ಎಂದಿನಂತೆ ಗೋಡೆಗೆ ನುಗ್ಗುತ್ತಾನೋ, ಒಮ್ಮೆ ತಲೆಯೆತ್ತಿ ದಡದ ಕಡೆ ನೋಡುತ್ತಾನೋ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.