ಆರನ್ ದ್ವೀಪದ ಹೆಣಿಗೆ

ಐರ್ಲೆಂಡಿನ ಪಶ್ಚಿಮಕ್ಕೆ, ಗಾಲ್ವೇ ಕೊಲ್ಲಿಯ ಬಾಯಲ್ಲಿ, ಮೂರು ಪುಟ್ಟ ದ್ವೀಪಗಳಿವೆ. ಅವುಗಳಿಗೆ ಆರನ್ ದ್ವೀಪಗಳೆಂದು ಹೆಸರು. ನೆಲವೆಲ್ಲ ಸುಣ್ಣಕಲ್ಲಿನ ಬಂಡೆ. ಮರಳನ್ನೂ ಕಡಲಪಾಚಿಯನ್ನೂ ಹೊತ್ತು ತಂದು, ಬಂಡೆಯ ಮೇಲೆ ಮಣ್ಣನ್ನು ಮಾಡಿಕೊಂಡು, ಬೆಳೆ ತೆಗೆದ ಜನ ಅಲ್ಲಿಯವರು. ಸಾಹಿತ್ಯದ ಓದುಗರಿಗೆ ಈ ದ್ವೀಪಗಳ ಪರಿಚಯವಾದದ್ದು ನಾಟಕಕಾರ ಜೆ. ಎಂ. ಸಿಂಗ್‌ನಿಂದ. ಉಳಿದ ಜಗತ್ತಿಗೆ ಪರಿಚಯವಾದದ್ದು ಒಂದು ಉಣ್ಣೆಯ ಸ್ವೆಟರಿನಿಂದ. ಬಣ್ಣ ಹಾಕದ ಕೆನೆಬಿಳುಪಿನ ಉಣ್ಣೆ. ಎದೆಯ ಉದ್ದಕ್ಕೂ ಹುರಿಗೊಳಿಸಿದ ಹಗ್ಗಗಳಂತೆ, ಹೆಣೆದ ಜಡೆಗಳಂತೆ ಉಬ್ಬಿ ನಿಂತ ಚಿತ್ತಾರ. ಹೆಣಿಗೆಯವರು ಇದನ್ನು ಕೇಬಲ್ ಎನ್ನುತ್ತಾರೆ.

ನೋಡಿದವರಿಗೆ ಇದು ಅತಿ ಜಟಿಲವೆಂದು ತೋರುವುದು ಸಹಜ. ಆದರೆ ಸೀದಾ, ಉಲ್ಟಾ ಎಂಬ ಎರಡು ಬಗೆಯ ಕುಣಿಕೆಗಳು ಕೈಗೆ ಹತ್ತಿದವರಿಗೆ ಇಲ್ಲಿ ಹೊಸತಾಗಿ ಕಲಿಯಬೇಕಾದದ್ದು ಒಂದೇ ಒಂದು ಸಂಗತಿ: ಕುಣಿಕೆಗಳ ಸರದಿಯನ್ನು ಬದಲಿಸುವುದು. ಆರು ಕುಣಿಕೆಗಳ ಕೇಬಲ್ಲನ್ನೇ ತೆಗೆದುಕೊಳ್ಳೋಣ. ಮೊದಲ ಮೂರು ಕುಣಿಕೆಗಳನ್ನು ಹೆಣೆಯದೆ, ಒಂದು ಗಿಡ್ಡ ಕಡ್ಡಿಗೆ ಏರಿಸಿ ಬದಿಗಿಡಬೇಕು. ಆಚೆಯ ಮೂರನ್ನು ಹೆಣೆದು, ಬಳಿಕ ಬದಿಗಿಟ್ಟ ಮೂರನ್ನು ಹೆಣೆಯಬೇಕು. ಅಷ್ಟೆ. ಹಿಂದಿದ್ದವರು ಮುಂದಾದರು, ಮುಂದಿದ್ದವರು ಹಿಂದಾದರು. ಗಿಡ್ಡ ಕಡ್ಡಿಯನ್ನು ಬಟ್ಟೆಯ ಮುಂದೆ ಹಿಡಿದರೆ ಹಗ್ಗ ಎಡಕ್ಕೆ ವಾಲುತ್ತದೆ. ಹಿಂದೆ ಹಿಡಿದರೆ ಬಲಕ್ಕೆ. ಆರು ಅಥವಾ ಎಂಟು ಸಾಲುಗಳಿಗೊಮ್ಮೆ ಹೀಗೆ ದಾಟಿಸುತ್ತ ಹೋದರೆ ಹಗ್ಗ ಬೆಳೆಯುತ್ತದೆ. ಅದರ ಎರಡೂ ಬದಿಗೆ ಉಲ್ಟಾ ಕುಣಿಕೆಗಳಿರಬೇಕು. ಆ ತಗ್ಗು ಇಲ್ಲದಿದ್ದರೆ ಈ ಉಬ್ಬು ಕಣ್ಣಿಗೆ ಕಾಣುವುದಿಲ್ಲ.

ತೊಡಕು ಇರುವುದು ದಾಟಿಸುವಲ್ಲಿ ಅಲ್ಲ, ಅಳತೆಯಲ್ಲಿ. ಒಂದರ ಮೇಲೊಂದು ಹಾಯ್ದ ಕುಣಿಕೆಗಳು ಬಟ್ಟೆಯನ್ನು ಒಳಕ್ಕೆ ಸೆಳೆಯುತ್ತವೆ. ಸಾದಾ ಹೆಣಿಗೆಯ ಲೆಕ್ಕದಲ್ಲಿ ಕುಣಿಕೆ ಹಾಕಿ ಕೇಬಲ್ ಹೆಣೆದರೆ ಸ್ವೆಟರು ತೊಡುವವನ ಮೈಗೆ ಬಿಗಿಯಾಗುವುದು ಖಂಡಿತ. ಆದುದರಿಂದ ಒಂದು ಅಂಗೈ ಅಗಲದ ಮಾದರಿಯನ್ನು, ಕೇಬಲ್ ಸಮೇತವಾಗಿ, ಮೊದಲು ಹೆಣೆದು, ತೊಳೆದು, ಹರಡಿ ಒಣಗಿಸಿ, ಅನಂತರ ಅಳೆಯಬೇಕು. ಕೆಳಗಿನ ಪಟ್ಟಿ ಮುಗಿದೊಡನೆ, ಕೇಬಲ್ ಏಳುವ ಜಾಗಗಳಲ್ಲಿ ಕುಣಿಕೆಗಳನ್ನು ಹೆಚ್ಚಿಸಿಕೊಳ್ಳುವುದು ಬಲ್ಲವರ ಕ್ರಮ. ನೂಲೂ ಸಾದಾ ಸ್ವೆಟರಿಗಿಂತ ಹೆಚ್ಚು ಬೇಕು. ಅದು ವ್ಯರ್ಥವಲ್ಲ: ಹಾಯ್ದಲ್ಲೆಲ್ಲ ಬಟ್ಟೆ ಎರಡು ಪದರವಾಗಿ, ನಡುವೆ ಗಾಳಿ ನಿಂತು, ಬಿಸುಪು ಉಳಿಯುತ್ತದೆ.

ಕೇಬಲ್ ತಪ್ಪು ದಿಕ್ಕಿಗೆ ತಿರುಗಿದ್ದು ಹತ್ತು ಸಾಲುಗಳ ಮೇಲೆ ಕಣ್ಣಿಗೆ ಬಿದ್ದರೆ ಇಡೀ ಬಟ್ಟೆಯನ್ನು ಬಿಚ್ಚಬೇಕಾಗಿಲ್ಲ. ಆ ಆರು ಕುಣಿಕೆಗಳನ್ನಷ್ಟೇ ಕಡ್ಡಿಯಿಂದ ಜಾರಿಸಿ, ತಪ್ಪಿದ ಸಾಲಿನವರೆಗೆ ಏಣಿಯಂತೆ ಇಳಿಸಿ, ಸರಿಯಾಗಿ ದಾಟಿಸಿ, ಸಡಿಲಾದ ಎಳೆಗಳಿಂದಲೇ ಸಾಲು ಸಾಲಾಗಿ ಮೇಲಕ್ಕೆ ಹೆಣೆದು ಬರಬಹುದು. ಇದಕ್ಕೆ ಬೇಕಾದದ್ದು ಹೆಣೆದ ಬಟ್ಟೆಯನ್ನು ಓದುವ ಕಣ್ಣು. ನಡುಮಟ್ಟದ ಅಭ್ಯಾಸಿ ಕೇಬಲ್‌ನಿಂದ ಪಡೆಯುವ ನಿಜವಾದ ಲಾಭ ಈ ಓದೇ.

ಈ ಸ್ವೆಟರನ್ನು ಕುರಿತು ಹೃದಯಸ್ಪರ್ಶಿಯಾದ ಒಂದು ಕಥೆ ಪ್ರಚಾರದಲ್ಲಿದೆ. ಪ್ರತಿಯೊಂದು ಮನೆತನಕ್ಕೂ ತನ್ನದೇ ಚಿತ್ತಾರವಿತ್ತಂತೆ. ಕಡಲಲ್ಲಿ ಮುಳುಗಿದ ಬೆಸ್ತನ ಶವ ಎಲ್ಲಿ ದಡ ಸೇರಿದರೂ ಚಿತ್ತಾರದಿಂದ ಗುರುತು ಹಿಡಿಯುತ್ತಿದ್ದರಂತೆ. ಇದಕ್ಕೆ ಆಧಾರ ದೊರೆತಿಲ್ಲ. ಕಥೆಯ ಬೇರು ಬಹುಶಃ 1904ರಲ್ಲಿ ಡಬ್ಲಿನ್ನಿನಲ್ಲಿ ರಂಗಕ್ಕೆ ಬಂದ ಸಿಂಗ್‌ನ ‘ರೈಡರ್ಸ್ ಟು ದ ಸೀ’ ನಾಟಕದಲ್ಲಿದೆ. ಅಲ್ಲಿ ತಂಗಿಯೊಬ್ಬಳು ಮುಳುಗಿದ ಅಣ್ಣನನ್ನು ಗುರುತಿಸುವುದು ಸ್ವೆಟರಿನಿಂದಲ್ಲ. ಒಂದು ಸಾದಾ ಕಾಲುಚೀಲದಿಂದ. ಅದರಲ್ಲಿ ಯಾವ ಚಿತ್ತಾರವೂ ಇಲ್ಲ. ತಾನು ಹಾಕಿದ್ದೆಷ್ಟು, ಜಾರಿಬಿಟ್ಟದ್ದೆಷ್ಟು ಎಂದು ಆಕೆ ಕುಣಿಕೆಗಳನ್ನು ಎಣಿಸುತ್ತಾಳೆ. ಮನೆತನದ ಲಾಂಛನವಲ್ಲ, ಹೆಣೆದವಳ ಕೈಯ ನೆನಪೇ ಸಾವಿನ ಸಾಕ್ಷಿಯಾಗುತ್ತದೆ.

ಆಕ್ಸ್‌ಫರ್ಡಿನಲ್ಲಿ ನೂಲಿನ ವ್ಯಾಪಾರ ನಡೆಸುತ್ತಿದ್ದ ಹೈನ್ಸ್ ಕೀವೆ ಎಂಬಾತ, ಈ ಚಿತ್ತಾರಗಳಿಗೂ ‘ಬುಕ್ ಆಫ್ ಕೆಲ್ಸ್’ ಎಂಬ ಪ್ರಾಚೀನ ಹಸ್ತಪ್ರತಿಯ ಹೆಣೆದ ಬಳ್ಳಿಗಳಿಗೂ ಹೋಲಿಕೆ ಕಂಡು, ಇವು ಸಾವಿರಾರು ವರ್ಷ ಹಿಂದಿನವೆಂದು ಸಾರಿದ. 1967ರಲ್ಲಿ ಪುಸ್ತಕವನ್ನೂ ಬರೆದ. ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಇಂದಿನ ಆರನ್ ಸ್ವೆಟರಿನ ವಯಸ್ಸು ಸುಮಾರು ನೂರು ವರ್ಷ. ಐರ್ಲೆಂಡಿನ ಬಡ ಪಶ್ಚಿಮ ಪ್ರಾಂತಗಳ ಜೀವನೋಪಾಯಕ್ಕೆಂದು 1891ರಲ್ಲಿ ಒಂದು ಸರ್ಕಾರಿ ಮಂಡಲಿ ಸ್ಥಾಪನೆಯಾಗಿ, ಮೀನುಗಾರಿಕೆಗೂ ಗೃಹಕೈಗಾರಿಕೆಗಳಿಗೂ ನೆರವು ನೀಡಿತು. ಬೇರೆ ಕರಾವಳಿಗಳ ಬೆಸ್ತರ ಸ್ವೆಟರುಗಳನ್ನು ಕಂಡ ದ್ವೀಪದ ಹೆಂಗಸರು ಆ ಮಾದರಿಯನ್ನು ತಮ್ಮ ಕೈಯಲ್ಲಿ ಬೆಳೆಸಿದರು. ಮುಂದೆ ಅದನ್ನು ಮಾರಿ ಸಂಸಾರ ಸಾಗಿಸಿದರು.

ಪ್ರಾಚೀನತೆಯ ಕಥೆ ಅಂಗಡಿಗೆ ಅನುಕೂಲವಾಯಿತು, ನಿಜ. ಆದರೆ ಅದು ಮರೆಮಾಡಿದ್ದು ಆ ಹೆಂಗಸರನ್ನು. ಯಾವುದೋ ಕಾಲದ ಋಷಿಮುನಿಗಳು ಕೊಟ್ಟ ಚಿಹ್ನೆಗಳನ್ನು ಇವರು ಬರಿದೆ ನಕಲು ಮಾಡಿದರೆಂದಾದರೆ, ಇವರು ಕಲ್ಪಿಸಿದ್ದೇನೂ ಉಳಿಯುವುದಿಲ್ಲ. ಮೂರು ಕುಣಿಕೆಗಳನ್ನು ಬದಿಗಿಟ್ಟು ಆಚೆಯ ಮೂರನ್ನು ಮೊದಲು ಹೆಣೆಯುವ ಉಪಾಯದಿಂದ ಇಷ್ಟೊಂದು ರೂಪಗಳನ್ನು ತೆಗೆದವರು, ನಮ್ಮ ಅಜ್ಜಿಯರ ಕಾಲದಲ್ಲಿ ಬದುಕಿದ್ದ, ಕೂಲಿಗಾಗಿ ದುಡಿದ ಹೆಂಗಸರೆಂದು ತಿಳಿದಾಗ ಸ್ವೆಟರಿನ ಬೆಲೆ ತಗ್ಗುವುದಿಲ್ಲ. ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕಾದವರಿಗೆ ಸಲ್ಲುತ್ತದೆ.