ಎಸಿ ಕೋಡ್ ತೋರಿಸಿದರೆ ಗಾಬರಿ ಬೇಡ, ಬಿಲ್ ನೋಡಿ

ಜೂನ್ ಬಂತೆಂದರೆ ನಮ್ಮ ಬಳಗದ ವಾಟ್ಸಾಪ್ ತುಂಬ ಒಂದೇ ಥರದ ಫೋಟೋಗಳು. ಗೋಡೆಯ ಸ್ಪ್ಲಿಟ್ ಎಸಿಯಲ್ಲಿ ಮಿನುಗುವ ಇ6, ಸಿಎಚ್05, ಕೆಳಗೊಂದು ಪ್ರಶ್ನೆ: "ಇದೇನು ಸಾರ್, ಎಷ್ಟಾಗ್ತದೆ?" ಶಾರ್ಜಾದ ಸೆಕೆಯಲ್ಲಿ ಒಂದು ರೂಮಿಗೆ ಆರು ಜನ, ಅದರಲ್ಲಿ ಇಬ್ಬರು ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗುವವರು. ಎಸಿ ನಿಂತರೆ ಚೌಕಾಸಿ ಮಾಡುವ ತಾಳ್ಮೆ ಯಾರಿಗಿರುತ್ತದೆ? ಮೆಕ್ಯಾನಿಕ್ ಕೇಳಿದಷ್ಟು ಕೊಟ್ಟುಬಿಡುತ್ತೇವೆ. ದುಡ್ಡು ಹೋಗೋದು ಅಲ್ಲೇ.

ನಾವು ಎಸಿ ರಿಪೇರಿ ಕಲಿತವರಲ್ಲ, ಲೆಕ್ಕ ಬರೆಯುವವರು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಎಲ್ಲೋ ವ್ಯತ್ಯಾಸ ಇದೆ ಅಂತ ಮಾತ್ರ ಗೊತ್ತಾಗುತ್ತದೆ, ಯಾವ ಎಂಟ್ರಿ ತಪ್ಪು ಅಂತ ವೋಚರ್ ತೆಗೆದೇ ನೋಡಬೇಕು. ಎಸಿ ಕೋಡೂ ಹಾಗೇ. ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ, ಯಾವ ಪಾರ್ಟ್ ಬದಲಿಸಬೇಕು ಅಂತ ಹೇಳುವುದಿಲ್ಲ.

ಡೈಕಿನ್‌ನ ಯು4, ಗ್ರೀಯ ಇ6, ಎಲ್‌ಜಿಯ ಸಿಎಚ್05 ಮೂರರ ಅರ್ಥವೂ ಒಂದೇ: ಒಳಗಿನ ಯೂನಿಟ್‌ಗೂ ಹೊರಗಿನ ಯೂನಿಟ್‌ಗೂ ಸಂಪರ್ಕ ತಪ್ಪಿದೆ. ಬೋರ್ಡ್ ಹೋಗಿರಬಹುದು. ಹೊರಗಿನ ಯೂನಿಟ್‌ಗೆ ಕರೆಂಟೇ ಹೋಗದಿರಬಹುದು, ಅಥವಾ ನಡುವಿನ ವೈರ್ ಸಡಿಲಾಗಿರಬಹುದು. ಹೋದ ವರ್ಷ ನಮ್ಮ ರೂಮಿನ ಎಸಿಗೆ ಈ ಥರದ ಕೋಡ್ ಬಂತು. ಮೊದಲು ಬಂದ ಮೆಕ್ಯಾನಿಕ್ ಮುಚ್ಚಳ ಕೂಡ ತೆಗೆಯದೆ, "ಬೋರ್ಡ್ ಹೋಗಿದೆ, 850 ದಿರ್ಹಂ" ಅಂದ. "ಮೀಟರ್ ಇಟ್ಟು ತೋರಿಸಪ್ಪ, ಆಮೇಲೆ ಮಾತಾಡೋಣ" ಅಂದೆವು. ಮುಖ ಗಂಟಿಕ್ಕಿಕೊಂಡು ಹೋದ. ಸಂಜೆ ಬಂದ ಕುಂದಾಪುರ ಕಡೆಯ ಹುಡುಗ ಟೆರೇಸಿಗೆ ಹತ್ತಿ, ಕಪ್ಪಾಗಿದ್ದ ವೈರಿನ ತುದಿ ಕತ್ತರಿಸಿ ಮತ್ತೆ ಬಿಗಿದ. 100 ದಿರ್ಹಂ. ತಲೆಗೆ 17 ಕೂಡ ಬೀಳಲಿಲ್ಲ.

ಇನ್ನೊಂದು ಖರ್ಚು ಗ್ಯಾಸಿನದು. ಡೈಕಿನ್‌ನ ಯು0, ಎಲ್‌ಜಿಯ ಸಿಎಚ್38 ಗ್ಯಾಸ್ ಕಡಿಮೆಯಾಗಿದೆ ಅನ್ನುತ್ತವೆ. ಆದರೆ ಎಸಿ ಗ್ಯಾಸ್ ಪೆಟ್ರೋಲ್ ಅಲ್ಲ, ಓಡಿದಷ್ಟೂ ಖರ್ಚಾಗುವುದಕ್ಕೆ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. "ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸ್ಬೇಕು ಸಾರ್" ಅನ್ನುವವರ ಮಾತು ನಮಗಂತೂ ಹಿಡಿಸುವುದಿಲ್ಲ. ಮೊದಲು ಸೋರಿಕೆ ಹುಡುಕಿಸಿ. ಎಷ್ಟು ಗ್ಯಾಸ್ ಹಿಡಿಯುತ್ತದೆ ಅಂತ ಹೊರಗಿನ ಯೂನಿಟ್‌ನ ಪ್ಲೇಟಿನ ಮೇಲೆ ಬರೆದಿರುತ್ತದೆ. ತಕ್ಕಡಿ ಇಟ್ಟು ಹಾಕಲಿ, ಎಷ್ಟು ಗ್ರಾಂ ಅಂತ ಬಿಲ್ಲಿನಲ್ಲೂ ಬರೆದುಕೊಡಲಿ.

ಫೋನ್ ಮಾಡುವ ಮೊದಲು ಕೋಡಿನ ಫೋಟೋ ತೆಗೆದುಕೊಳ್ಳಿ. ಬ್ರೇಕರ್ ಆಫ್ ಮಾಡಿದರೆ ಕೋಡ್ ಅಳಿಸಿಹೋಗಬಹುದು. ಡೈಕಿನ್‌ನಲ್ಲಿ ಲೈಟ್ ಮಾತ್ರ ಮಿನುಗುತ್ತಿದ್ದರೆ, ಬಹಳಷ್ಟು ಮಾಡೆಲ್‌ಗಳಲ್ಲಿ ರಿಮೋಟಿನ ಕ್ಯಾನ್ಸಲ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ. 00 ಮಿನುಗಿದ ಮೇಲೆ ಅದೇ ಬಟನ್ ಒಂದೊಂದೇ ಸಲ ಒತ್ತುತ್ತಾ ಹೋಗಿ. ಬೀಪ್ ಉದ್ದಕ್ಕೆ ಬಂದಾಗ ರಿಮೋಟಿನಲ್ಲಿ ಕಾಣುವುದೇ ನಿಮ್ಮ ಕೋಡ್. ಫಿಲ್ಟರ್ ತೊಳೆದಿದ್ದೀರಾ ನೋಡಿ. ಹೊರಗಿನ ಯೂನಿಟ್‌ಗೆ ಧೂಳು ಕಟ್ಟಿದ್ದರೆ, ಅದರ ಮೇಲೆ ಬಟ್ಟೆ ಒಣಹಾಕಿದ್ದರೆ ಒಳಗೆ ಒತ್ತಡ ಏರಿ ಎಸಿ ತಾನಾಗಿಯೇ ನಿಲ್ಲುತ್ತದೆ. ಗ್ರೀಯಲ್ಲಿ ಅದಕ್ಕೆ ಇ1. ಆದರೆ ಹೊರಗಿನ ಯೂನಿಟ್ ಬಿಚ್ಚುವ ಸಾಹಸ ಬೇಡ. ಇನ್ವರ್ಟರ್ ಎಸಿಯ ಕೆಪಾಸಿಟರ್‌ಗಳಲ್ಲಿ ಬ್ರೇಕರ್ ಆಫ್ ಮಾಡಿದ ಮೇಲೂ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಕಂಪನಿ ಕೊಟ್ಟ ರೂಮಾದರೆ ಕೈಯಿಂದ ದುಡ್ಡು ಹಾಕುವ ಮೊದಲು ಕ್ಯಾಂಪ್ ಬಾಸ್‌ಗೆ ಫೋಟೋ ಸಮೇತ ಮೆಸೇಜ್ ಹಾಕಿ. ಬಾಡಿಗೆ ಮನೆಯಾದರೆ ರಿಪೇರಿ ಯಾರ ಲೆಕ್ಕಕ್ಕೆ ಅಂತ ಕಾಂಟ್ರಾಕ್ಟ್ ತೆಗೆದು ಓದಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಅನ್ನುವ ನಿಯಮ ಇಲ್ಲಿದೆ. ಆ ಹೊತ್ತಿಗೆ ಟೆರೇಸ್ ಹತ್ತಲಿಲ್ಲ ಅಂತ ಮೆಕ್ಯಾನಿಕ್ ಹುಡುಗನ ಮೇಲೆ ರೇಗಬೇಡಿ. ಬೆಳಗ್ಗೆ ಎಂಟಕ್ಕೇ ಬರಹೇಳಿ.