ರಕ್ತಪರೀಕ್ಷೆಯ ಅಂಕಿಗಳೂ ಪೂರಕ ಸತ್ವಗಳ ಆಯ್ಕೆಯೂ

ನಮ್ಮ ನಗರಗಳಲ್ಲಿ ಈಚೆಗೆ ಒಂದು ಹೊಸ ರೂಢಿ ಬೆಳೆದುಬಂದಿದೆ. ಯಾವ ಕಾಯಿಲೆಯೂ ಇಲ್ಲದವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತಮ್ಮ ರಕ್ತವನ್ನು ಪ್ರಯೋಗಶಾಲೆಗೆ ಕೊಟ್ಟು, ಹತ್ತಾರು ಬಾಬುಗಳ ವರದಿಯನ್ನು ಪಡೆದು, ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳನ್ನು ನೋಡಿಕೊಂಡು ಜೀವಸತ್ವಗಳ ಗುಳಿಗೆಗಳನ್ನು ತಾವೇ ಆರಿಸಿಕೊಳ್ಳುತ್ತಾರೆ. ಮುಂದಿನ ವರದಿಯಲ್ಲಿ ಅಂಕಿ ಏರಿದ್ದರೆ ಗುಳಿಗೆ ಫಲಿಸಿತೆಂದು ಸಂತೋಷಪಡುತ್ತಾರೆ. ಅಧ್ಯಾಪಕರ ಕೊಠಡಿಗಳಲ್ಲಿಯೂ ಈ ಮಾತು ಅಪರೂಪವಲ್ಲ. ಇದು ವೈದ್ಯರ ವಿಷಯ, ಚರಿತ್ರೆಯ ಅಧ್ಯಾಪಕರಿಗೆ ಇಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಆದರೆ ರಕ್ತದ ವರದಿಯೂ ಒಂದು ದಾಖಲೆಯೇ ಸರಿ. ಶಾಸನವನ್ನು ಓದುವಾಗ ಅದನ್ನು ಯಾರು, ಯಾವ ಉದ್ದೇಶದಿಂದ ಕೊರೆಯಿಸಿದರು, ಅದು ಏನನ್ನು ಹೇಳದೆ ಬಿಟ್ಟಿದೆ ಎಂದು ನಾವು ವಿಚಾರಿಸುತ್ತೇವಷ್ಟೆ. ಅದೇ ವಿಚಾರಣೆಗೆ ಈ ಕಾಗದವನ್ನೂ ಗುರಿಪಡಿಸಬಹುದು. ಚಿಕಿತ್ಸೆಯ ಸಲಹೆ ಕೊಡುವುದು ನಮ್ಮ ಉದ್ದೇಶವಲ್ಲ.

ರಕ್ತದ ಬಣ್ಣವನ್ನು ಅಂಕಿಯಾಗಿ ಹೇಳುವ ಪದ್ಧತಿ ಬಹಳ ಪ್ರಾಚೀನವಾದುದೇನೂ ಅಲ್ಲ. ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ 1878ರಲ್ಲಿ, ನೀರು ಬೆರೆಸಿದ ರಕ್ತದ ಬಣ್ಣವನ್ನು ಒಂದು ಮಾದರಿಯ ಬಣ್ಣದೊಡನೆ ಹೋಲಿಸಿ ನೋಡುವ ಹೀಮೊಗ್ಲೋಬಿನ್ ಮಾಪಕವನ್ನು ರಚಿಸಿದರು. ಸ್ವಿಟ್ಜರ್ಲೆಂಡಿನ ಸಾಲಿ ಅದನ್ನು ಸುಧಾರಿಸಿದರು. ಅವರ ಹೆಸರಿನ ಉಪಕರಣ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಫಲಿತಾಂಶವನ್ನು ಆಗ ಶೇಕಡಾ ಲೆಕ್ಕದಲ್ಲಿ ಬರೆಯುತ್ತಿದ್ದರು. ಶೇಕಡಾ ಎಂದರೆ ಯಾವುದರ ಶೇಕಡಾ? ಇಲ್ಲಿಯೇ ತೊಡಕು. ನೂರು ಎಂಬ ಗೆರೆಯನ್ನು ಒಂದೊಂದು ಮಾಪಕವೂ ಒಂದೊಂದು ಗ್ರಾಂ ಪ್ರಮಾಣಕ್ಕೆ ಎಳೆದಿದ್ದಿತು. ಒಂದು ಊರಿನಲ್ಲಿ ಪುಷ್ಟನೆನಿಸಿದವನು ಇನ್ನೊಂದು ಊರಿನಲ್ಲಿ ರಕ್ತಹೀನನೆನಿಸುವ ಸಂಭವವಿತ್ತು.

ಇಂದು ಶೇಕಡಾಂಶ ಹೋಗಿ ಗ್ರಾಂ ಬಂದಿದೆಯಾದರೂ, ಅಂಕಿಯ ಪಕ್ಕದಲ್ಲಿ ಅಚ್ಚಾಗುವ ‘ಸಹಜ ಮಿತಿ’ಯ ಅರ್ಥವನ್ನು ವಿಚಾರಿಸುವವರು ಕಡಮೆ. ‘ಸಹಜ’ವೆಂಬ ಮಾತು ಭ್ರಮೆಯನ್ನುಂಟುಮಾಡುತ್ತದೆಂದು 1969ರಲ್ಲಿ ಫಿನ್ಲೆಂಡಿನ ಗ್ರೆಸ್ಬೆಕ್ ಮತ್ತು ಸಾರಿಸ್ ಎಂಬ ಇಬ್ಬರು ವಿಜ್ಞಾನಿಗಳು ಅದರ ಬದಲು ‘ಹೋಲಿಕೆಯ ಮೌಲ್ಯ’ ಎಂಬರ್ಥದ ಹೆಸರನ್ನು ಸೂಚಿಸಿದರು. ಸಾಮಾನ್ಯವಾಗಿ ಈ ಮಿತಿಯನ್ನು ಗೊತ್ತುಮಾಡುವ ರೀತಿ ಹೀಗೆ: ಆರೋಗ್ಯವಂತರ ಒಂದು ಗುಂಪನ್ನು ಪರೀಕ್ಷಿಸಿ, ಅವರಲ್ಲಿ ನಡುವಿನ 95 ಮಂದಿಯನ್ನು ಒಳಗಿಟ್ಟು, ಎರಡು ತುದಿಗಳ ಐವರನ್ನು ಹೊರಗಿಡುತ್ತಾರೆ. ಆದುದರಿಂದ ಪ್ರತಿ ನೂರು ಆರೋಗ್ಯವಂತರಲ್ಲಿ ಐವರು ಲೆಕ್ಕದ ಕಟ್ಟಳೆಯಿಂದಲೇ ‘ಅಸಹಜ’ರಾಗುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಏನೂ ದೋಷವಿಲ್ಲದ ನೂರು ಮಂದಿಯಲ್ಲಿ ಸುಮಾರು 64 ಮಂದಿಗೆ ಒಂದಾದರೂ ದಪ್ಪಕ್ಷರದ ಅಂಕಿ ಬರುವುದು ಗಣಿತಸಿದ್ಧ. ಬಾಬುಗಳು ಹೆಚ್ಚಿದಷ್ಟೂ ಗುಳಿಗೆಗಳು ಹೆಚ್ಚುವುದಕ್ಕೆ ಇದೊಂದು ಕಾರಣವಾಗಿರಬೇಕು.

ಹಾಗೆಂದು ರಕ್ತಪರೀಕ್ಷೆಯೇ ವ್ಯರ್ಥವೆಂದಲ್ಲ. ಅದರ ಹಿರಿಮೆಯನ್ನೂ ಅದರ ಅಪಾಯವನ್ನೂ ಒಟ್ಟಿಗೆ ತೋರಿಸುವ ಪ್ರಕರಣವೊಂದು ನಮ್ಮ ದೇಶದಲ್ಲಿಯೇ ಆರಂಭವಾಯಿತು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಗರ್ಭಿಣಿಯರಲ್ಲಿ, ವಿಶೇಷವಾಗಿ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರಲ್ಲಿ, ಕಾಣುತ್ತಿದ್ದ ಒಂದು ಘೋರ ರಕ್ತಹೀನತೆಯನ್ನು ಪರಿಶೀಲಿಸಿದರು. ಸೂಕ್ಷ್ಮದರ್ಶಕದಲ್ಲಿ ಅವರ ಕೆಂಪು ರಕ್ತಕಣಗಳು ಅಳತೆ ಮೀರಿ ದೊಡ್ಡವಾಗಿ ಕಂಡವು. ಇದೇ ಲಕ್ಷಣ ಐರೋಪ್ಯ ವೈದ್ಯರಿಗೆ ಪರಿಚಿತವಾಗಿದ್ದ ಮಾರಕ ರಕ್ತಹೀನತೆಯಲ್ಲಿಯೂ ಉಂಟು. ಅದಕ್ಕೆ ಪಿತ್ತಜನಕಾಂಗದ ಆಹಾರ ಮದ್ದೆಂದು 1926ರಲ್ಲಿ ಮೈನಾಟ್ ಮತ್ತು ಮರ್ಫಿ ತೋರಿಸಿದ್ದರು. ಆದರೆ ಶುದ್ಧಗೊಳಿಸಿದ ಪಿತ್ತಜನಕಾಂಗದ ಸಾರ ಮುಂಬಯಿಯ ಹೆಂಗಸರಿಗೆ ಹತ್ತಲಿಲ್ಲ. ಮಾರ್ಮೈಟ್ ಎಂಬ ಅಗ್ಗದ ಹುದುಗಿನ ಸಾರ ಹತ್ತಿತು. ವಿಲ್ಸ್ ಇದನ್ನು 1931ರಲ್ಲಿ ಪ್ರಕಟಿಸಿದರು. ನೋಡುವುದಕ್ಕೆ ಒಂದೇ ತೆರನಾದ ರಕ್ತ, ಕೊರತೆಗಳು ಮಾತ್ರ ಎರಡು!

ವಿಲ್ಸ್ ಕಂಡ ಆ ಸತ್ವವೇ ಫೋಲಿಕ್ ಆಮ್ಲ. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಎಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರಿಟ್ಟರು. 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ, ಆಂಧ್ರದಿಂದ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಹೊಸ ಮದ್ದನ್ನು ಮಾರಕ ರಕ್ತಹೀನತೆಯ ರೋಗಿಗಳಿಗೂ ಕೊಟ್ಟು ನೋಡಿದರು. ಹೀಮೊಗ್ಲೋಬಿನ್ ಏರಿತು, ರಕ್ತಕಣಗಳು ಸಹಜ ಗಾತ್ರಕ್ಕೆ ಬಂದವು. ವರದಿಯನ್ನು ಮಾತ್ರ ನೋಡಿದವರಿಗೆ ಇದು ಪೂರ್ಣ ವಿಜಯ. ಆದರೆ ಕಾಲ ಕಳೆದಂತೆ ಆ ರೋಗಿಗಳಲ್ಲಿ ಹಲವರ ಕೈಕಾಲುಗಳು ಮರಗಟ್ಟತೊಡಗಿದವು, ನಡಿಗೆ ತಪ್ಪಿತು. ಅವರಿಗೆ ನಿಜವಾಗಿ ಕೊರತೆಯಿದ್ದುದು 1948ರಲ್ಲಿ ಪ್ರತ್ಯೇಕಿಸಲಾದ ಜೀವಸತ್ವ ಬಿ12. ಫೋಲಿಕ್ ಆಮ್ಲ ರಕ್ತವನ್ನು ತಿದ್ದಿತೇ ಹೊರತು ನರಗಳನ್ನು ಕಾಯಲಿಲ್ಲ. ಅಂಕಿ ಸುಧಾರಿಸುತ್ತಿದ್ದಾಗಲೇ ಮನುಷ್ಯ ಕುಸಿಯುತ್ತಿದ್ದನು.

ಈ ಪ್ರಸಂಗ ನಮ್ಮ ವಿದ್ಯಾರ್ಥಿಗಳಿಗೆ ದೂರದ್ದಲ್ಲ. ಬಿ12 ಸಸ್ಯಗಳಲ್ಲಿಲ್ಲ, ಮಾಂಸ, ಮೀನು, ಮೊಟ್ಟೆ, ಹಾಲುಗಳಿಂದ ಬರತಕ್ಕದ್ದು. ಸೊಪ್ಪು ಬೇಳೆಗಳನ್ನು ಚೆನ್ನಾಗಿ ಉಂಡು ಹಾಲು ಮೊಸರನ್ನು ಅಷ್ಟಾಗಿ ಬಳಸದ ಸಸ್ಯಾಹಾರಿಗೆ ಫೋಲಿಕ್ ಆಮ್ಲ ಸಾಕಷ್ಟಿದ್ದು ಬಿ12 ಕಡಮೆಯಾಗಿರುವುದು ಸಾಧ್ಯ. ಅಂಥವನ ಹೀಮೊಗ್ಲೋಬಿನ್ ನೆಟ್ಟಗಿರಬಹುದು. ಪಾದಗಳಲ್ಲಿ ಜೋಮು ಹಿಡಿದಂತಾಗುತ್ತಿದ್ದರೂ ಆತನು ‘ರಕ್ತ ಚೆನ್ನಾಗಿದೆ’ ಎಂದುಕೊಂಡಿರಬಹುದು. ಇಲ್ಲಿ ಬಿ12ರ ಪರೀಕ್ಷೆಯನ್ನೇ ಕೇಳಿ ಮಾಡಿಸುವುದರಿಂದ ನಿಜವಾದ ಪ್ರಯೋಜನವುಂಟು. ಮೊದಲು ಪ್ರಶ್ನೆ, ಆಮೇಲೆ ಪರೀಕ್ಷೆ ಎಂಬ ಕ್ರಮ ಉಳಿದರೆ ವರದಿ ಉತ್ತರವಾಗುತ್ತದೆ.

ಇನ್ನೊಂದು ಪ್ರಕರಣ ಇದಕ್ಕಿಂತ ಕಠೋರವಾದುದು. ಕ್ಯಾರಟ್ ಮೊದಲಾದ ತರಕಾರಿಗಳಲ್ಲಿರುವ ಬೀಟಾ ಕ್ಯಾರೊಟಿನ್ ಯಾರ ರಕ್ತದಲ್ಲಿ ಹೆಚ್ಚಾಗಿದೆಯೋ ಅವರಿಗೆ ಕ್ಯಾನ್ಸರ್ ಕಡಮೆಯೆಂದು ಅನೇಕ ಸಮೀಕ್ಷೆಗಳು ಸೂಚಿಸಿದ್ದವು; 1981ರಲ್ಲಿ ಪೀಟೋ, ಡಾಲ್ ಮೊದಲಾದವರು ಈ ಪ್ರಶ್ನೆಯನ್ನು ಮುಂದಿಟ್ಟರು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ಪ್ರಯೋಗ ನಡೆಯಿತು. ಗುಳಿಗೆ ನುಂಗಿದವರ ರಕ್ತದಲ್ಲಿ ಕ್ಯಾರೊಟಿನ್ ಹಲವು ಪಟ್ಟು ಏರಿತು. 1994ರಲ್ಲಿ ಫಲಿತಾಂಶ ಬಂದಾಗ, ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ 18,314 ಮಂದಿಯ ಮೇಲೆ ನಡೆಯುತ್ತಿದ್ದ ಇಂಥದೇ ಪ್ರಯೋಗದಲ್ಲಿ, ಜೀವಸತ್ವ ಎ ಕೂಡ ಸೇರಿದ್ದಾಗ, ಹೆಚ್ಚಳ ಶೇಕಡಾ 28. 1996ರ ಜನವರಿಯಲ್ಲಿ ಅದನ್ನು ನಡುವೆಯೇ ನಿಲ್ಲಿಸಿದರು. ರಕ್ತದಲ್ಲಿನ ಅಂಕಿ ಒಳ್ಳೆಯ ಊಟದ ಗುರುತಾಗಿದ್ದಿತೇ ಹೊರತು ಆರೋಗ್ಯದ ಕಾರಣವಾಗಿರಲಿಲ್ಲವೆಂದು ತೋರುತ್ತದೆ. ಗುರುತನ್ನೂ ಕಾರಣವನ್ನೂ ಬೆರೆಸುವ ದೋಷ ನಮ್ಮ ಚರಿತ್ರಕಾರರಲ್ಲಿಯೂ ಇಲ್ಲದಿಲ್ಲ. ಹೋಮೊಸಿಸ್ಟೀನ್ ಎಂಬ ಪದಾರ್ಥದ ಕಥೆಯೂ ಹೀಗೆಯೇ. ಬಿ ವರ್ಗದ ಜೀವಸತ್ವಗಳು ರಕ್ತದಲ್ಲಿ ಅದನ್ನು ಇಳಿಸಿದವು, ಆದರೆ ಹೃದಯಾಘಾತಗಳು ಇಳಿಯಲಿಲ್ಲವೆಂದು 2006ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ತಿಳಿಸಿದವು.

ಜೀವಸತ್ವ ಡಿಯ ವಿಚಾರದಲ್ಲಂತೂ ಮಿತಿಯ ಗೆರೆಯೇ ವಿವಾದಾಸ್ಪದ. 2011ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ಸಮಿತಿ ಮಿಲಿಲೀಟರಿಗೆ 20 ನ್ಯಾನೊಗ್ರಾಂ ಬಹುಮಂದಿಗೆ ಸಾಕೆಂದಿತು. ಅದೇ ವರ್ಷ ಅಲ್ಲಿನ ಎಂಡೊಕ್ರೈನ್ ಸೊಸೈಟಿ 30 ಬೇಕೆಂದಿತು. 25 ಎಂಬ ವರದಿ ಪಡೆದವನು ಒಬ್ಬರ ದೃಷ್ಟಿಯಲ್ಲಿ ಸ್ವಸ್ಥ, ಇನ್ನೊಬ್ಬರ ದೃಷ್ಟಿಯಲ್ಲಿ ಕೊರತೆಯುಳ್ಳವನು. 25,871 ಮಂದಿಯ ಮೇಲೆ ನಡೆದ ವೈಟಲ್ ಎಂಬ ಪ್ರಯೋಗದಲ್ಲಿ, ದಿನಕ್ಕೆ 2,000 ಯೂನಿಟ್ ಸೇವಿಸಿದವರಿಗೆ ಕ್ಯಾನ್ಸರಾಗಲಿ ಹೃದ್ರೋಗವಾಗಲಿ ಕಡಮೆಯಾಗಲಿಲ್ಲ. ಮೂಳೆ ಮುರಿತವೂ ಕಡಮೆಯಾಗಲಿಲ್ಲವೆಂದು 2022ರಲ್ಲಿ ಪ್ರಕಟವಾಯಿತು. ಎಂಡೊಕ್ರೈನ್ ಸೊಸೈಟಿಯೇ 2024ರಲ್ಲಿ 30ರ ಗೆರೆಯನ್ನು ಕೈಬಿಟ್ಟು, ಆರೋಗ್ಯವಂತ ವಯಸ್ಕರಿಗೆ ಈ ಪರೀಕ್ಷೆಯನ್ನು ವಾಡಿಕೆಯಾಗಿ ಮಾಡಿಸಬೇಕಾಗಿಲ್ಲವೆಂದು ಸೂಚಿಸಿತು.

ಮರುಪರೀಕ್ಷೆಯ ವಿಷಯದಲ್ಲಿ ಒಂದು ಮಾತು. ಮೊದಲ ಸಲ ತೀರ ಕೆಳಗೆ ಕಂಡ ಅಂಕಿ ಎರಡನೆಯ ಸಲ, ಏನೂ ಮಾಡದಿದ್ದರೂ, ಸರಾಸರಿಯ ಕಡೆಗೆ ಸರಿಯುವ ಸಂಭವ ಹೆಚ್ಚು. ಈ ತತ್ವವನ್ನು ಗಾಲ್ಟನ್ 1886ರಲ್ಲಿ ತಂದೆತಾಯಿ ಮಕ್ಕಳ ಎತ್ತರವನ್ನು ಅಳೆಯುವಾಗ ವಿವರಿಸಿದರು. ಆ ಏರಿಕೆಯ ಕೀರ್ತಿಯೆಲ್ಲ ನಡುವೆ ನುಂಗಿದ ಗುಳಿಗೆಗೆ ಸಲ್ಲುತ್ತದೆ. ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಜ್ವರ ಉರಿಯೂತಗಳಿದ್ದಾಗ ತಾನಾಗಿ ಏರಿ ಕೊರತೆಯನ್ನು ಮರೆಮಾಡುತ್ತದೆಂಬುದೂ ತಿಳಿದಿರತಕ್ಕದ್ದು.

ಕೊನೆಯದಾಗಿ, ಗುಳಿಗೆಯೇ ಪರೀಕ್ಷೆಯನ್ನು ಕೆಡಿಸುವುದೂ ಉಂಟು. ಕೂದಲು, ಉಗುರುಗಳ ಸೊಬಗಿಗೆಂದು ಮಾರುವ ಪೂರಕಗಳಲ್ಲಿ ಬಯೋಟಿನ್ ಎಂಬ ಜೀವಸತ್ವ ಬಹು ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಪ್ರಯೋಗಶಾಲೆಯ ಹಲವು ಪರೀಕ್ಷೆಗಳು ಇದೇ ಬಯೋಟಿನ್ನನ್ನು ಅಂಟಿನಂತೆ ಬಳಸಿಕೊಳ್ಳುವುದರಿಂದ, ರಕ್ತದಲ್ಲಿ ಅದು ತುಂಬಿದ್ದರೆ ಥೈರಾಯ್ಡಿನ ಅಂಕಿಗಳೂ ಹೃದಯಾಘಾತವನ್ನು ಸೂಚಿಸುವ ಟ್ರೊಪೊನಿನ್ನಿನ ಅಂಕಿಯೂ ತಪ್ಪಾಗಿ ಬರುತ್ತವೆ. ಟ್ರೊಪೊನಿನ್ ಹೀಗೆ ತಪ್ಪಾಗಿ ಕಡಮೆ ಕಂಡುದರಿಂದ ಒಬ್ಬ ರೋಗಿ ಮೃತನಾದ ವರದಿಯನ್ನು ಉಲ್ಲೇಖಿಸಿ, ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತ 2017ರ ನವೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತು. ಆದಕಾರಣ ರಕ್ತ ಕೊಡುವ ಮುನ್ನ ತಾವು ಸೇವಿಸುತ್ತಿರುವ ಗುಳಿಗೆಗಳ ಹೆಸರನ್ನೂ ಪ್ರಮಾಣವನ್ನೂ ವೈದ್ಯರಿಗೂ ಪ್ರಯೋಗಶಾಲೆಯವರಿಗೂ, ಅವರು ಕೇಳದಿದ್ದರೂ, ತಿಳಿಸುವುದು ಅಗತ್ಯ.